ನಾಟಿ ಗದ್ದೆಯಲ್ಲಿ ‘ಒನ್ ಮೋರ್ ಟೇಕ್’ ಇಲ್ಲ

ನಾನು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯವನು. ದಾವಣಗೆರೆಯಲ್ಲಿ ಪತ್ರಿಕೋದ್ಯಮ ಎಂ.ಎ. ಓದುವಾಗ ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್‌ಗೆ ಅಂತ ನಾವು ನಾಲ್ಕು ಜನ ಸೇರಿ 12 ನಿಮಿಷದ ಒಂದು ಸಾಕ್ಷ್ಯಚಿತ್ರ ಮಾಡಿದ್ವಿ. ಭತ್ತದ ನಾಟಿ ಮಾಡುವ ಹೆಣ್ಮಕ್ಕಳು, ಅವರ ಹಾಡು, ಇಷ್ಟೇ ವಿಷಯ. ಆಮೇಲೆ ಜೂನಿಯರ್‌ಗಳು ಫೋನ್ ಮಾಡಿ ‘ಅಣ್ಣಾ, ಯಾವ ಕ್ಯಾಮೆರಾ ತಗೊಳ್ಲಿ, ಯಾವ ಸಾಫ್ಟ್‌ವೇರ್ ಹಾಕ್ಕೊಳ್ಲಿ’ ಅಂತ ಕೇಳೋಕೆ ಶುರು ಮಾಡಿದ್ರು. ಎಲ್ಲರಿಗೂ ಬಿಡಿ ಬಿಡಿಯಾಗಿ ಹೇಳಿ ಸಾಕಾಗಿದೆ. ಇವತ್ತು ಒಟ್ಟಿಗೇ ಹೇಳಿಬಿಡ್ತೀನಿ.

ಕ್ಯಾಮೆರಾ ಯಾವುದು ಅನ್ನೋದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಯಾರ ಮುಂದೆ ಕ್ಯಾಮೆರಾ ಇಡ್ತೀರಿ, ಅವರ ಹತ್ರ ಎಷ್ಟು ಹೊತ್ತಿದೆ, ಅದನ್ನ ನೋಡ್ರಿ. ನಮ್ಮ ಕಡೆ ನಾಟಿ ಬಹುಪಾಲು ಗುತ್ತಿಗೆ ಲೆಕ್ಕ. ಎಕರೆಗೆ ಇಷ್ಟು ಅಂತ ಮಾತಾಡಿಕೊಂಡು ಒಂದು ಗುಂಪು ಗದ್ದೆಗೆ ಇಳಿಯುತ್ತೆ. ಬೇಗ ಮುಗಿದ್ರೆ ಇನ್ನೊಂದು ಗದ್ದೆ. ಅಂದ್ರೆ ನಾನು ‘ಅಕ್ಕಾ, ಸ್ವಲ್ಪ ನಿಲ್ರಿ, ಕಾರ್ಡ್ ಫಾರ್ಮ್ಯಾಟ್ ಮಾಡ್ತೀನಿ’ ಅಂತ ಹತ್ತು ನಿಮಿಷ ನಿಲ್ಲಿಸಿದ್ರೆ ಹದಿನಾಲ್ಕು ಜನರ ಹತ್ತು ನಿಮಿಷ ಹೋಯ್ತು. ಲೆಕ್ಕ ಹಾಕ್ರಿ, ಎರಡು ತಾಸಿನ ಮೇಲಾಯ್ತು. ಆ ದುಡ್ಡು ಯಾರು ಕೊಡ್ತಾರೆ? ಗುಂಪಿನ ಹಿರಿಯಾಕೆ ಮೊದಲ ದಿನವೇ ನೇರವಾಗಿ ಹೇಳಿದ್ರು: ‘ತಮ್ಮಾ, ನೀ ಎಷ್ಟಾರ ತಕ್ಕೋ, ನಾವು ಬಗ್ಗಿದ ಬೆನ್ನು ಎತ್ತೋದಿಲ್ಲ.’

ಆ ಮಾತಿನಿಂದ ನಮ್ಮ ಕಲಿಕೆಯ ದಾರಿಯೇ ಬದಲಾಯ್ತು. ಉಪಕರಣವನ್ನ ಗದ್ದೆಯಲ್ಲಿ ಕಲಿಯೋದು ಬೇಡ, ಮನೆಯಲ್ಲಿ ಕಲಿತು ಗದ್ದೆಗೆ ಹೋಗೋಣ ಅಂತ ತೀರ್ಮಾನ ಮಾಡಿ ಮೂರು ವಾರ ಬರೀ ಅಭ್ಯಾಸ ಮಾಡಿದ್ವಿ. ನಮ್ಮವ್ವ ಹಿತ್ತಿಲಲ್ಲಿ ಬಟ್ಟೆ ಒಗೆಯೋದು, ಅಪ್ಪ ಸಂಜೆ ಕಟ್ಟೆ ಮೇಲೆ ಕೂತು ಮಾತಾಡೋದು, ಎಮ್ಮೆ ಹಾಲು ಕರೆಯೋದು, ಇವನ್ನೇ ತಿರುಗಿಸಿ ತಿರುಗಿಸಿ ಶೂಟ್ ಮಾಡೋದು, ಲ್ಯಾಪ್‌ಟಾಪ್‌ಗೆ ಹಾಕಿ ನೋಡೋದು. ಎಮ್ಮೆಗೂ ಬೇಜಾರಾಗಿತ್ತು ಅನ್ಸುತ್ತೆ.

ಅಲ್ಲಿ ಮೊದಲು ಕಂಡಿದ್ದು ಬೆಳಕಿನ ಪಟ್ಟಿ. ರಾತ್ರಿ ಅಡುಗೆಮನೆಯ ಎಲ್‌ಇಡಿ ಬಲ್ಬ್ ಕೆಳಗೆ ಶೂಟ್ ಮಾಡಿದ ವಿಡಿಯೊದಲ್ಲಿ ಗೋಡೆ ಮೇಲೆ ಕಪ್ಪು ಪಟ್ಟಿಗಳು ತೇಲಿಕೊಂಡು ಹೋಗ್ತಿದ್ವು. ಕಣ್ಣಿಗೆ ಕಾಣದ್ದು ಫೋನಿಗೆ ಕಾಣ್ತಿತ್ತು. ಕಾರಣ ಸರಳ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಹಂಗಾಗಿ ಬಲ್ಬಿನ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತೆ. ಫೋನುಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ಅಂತ ಸೆಟ್ ಆಗಿರ್ತವೆ, ಅದು 60 ಹರ್ಟ್ಸ್ ಕರೆಂಟಿರುವ ಅಮೆರಿಕದ ಲೆಕ್ಕಕ್ಕೆ ಸರಿ. ನಮಗೆ 25 ಫ್ರೇಮ್, ಶಟರ್ 1/50 ಇಟ್ರೆ ಪ್ರತಿ ಫ್ರೇಮಿಗೂ ಬೆಳಕಿನ ಎರಡು ಪೂರ್ತಿ ಏರಿಳಿತ ಸಿಗುತ್ತೆ, ಪಟ್ಟಿ ಮಾಯ. ಫೋನಿನ ಜೊತೆ ಬರುವ ಕ್ಯಾಮೆರಾದಲ್ಲಿ ಇದನ್ನೆಲ್ಲ ಬದಲಾಯಿಸೋಕೆ ಬಿಡದಿದ್ರೆ ‘ಓಪನ್ ಕ್ಯಾಮೆರಾ’ ಅಂತ ಉಚಿತ ಆ್ಯಪ್ ಇದೆ, ‘ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ’ ಇದೆ. ಎಲ್ಲ ಫೋನಿನಲ್ಲೂ ಎಲ್ಲವೂ ನಡೆಯಲ್ಲ, ನಿಮ್ಮದರಲ್ಲಿ ಏನು ನಡೆಯುತ್ತೆ ನೀವೇ ನೋಡ್ಬೇಕು.

ಬಿಸಿಲಲ್ಲಿ ಈ ಲೆಕ್ಕ ತಲೆಕೆಳಗು. ಫೋನಿನ ಲೆನ್ಸಿನ ಕಿಂಡಿಯನ್ನ ಸಾಮಾನ್ಯವಾಗಿ ಚಿಕ್ಕದು ಮಾಡೋಕೆ ಬರಲ್ಲ. ನೀರು ನಿಂತ ಗದ್ದೆ ಅಂದ್ರೆ ಕನ್ನಡಿ ಹಾಸಿದಂಗೆ. ಅಲ್ಲಿ 1/50 ಇಟ್ರೆ ಎಲ್ಲ ಬೆಳ್ಳಗೆ. ಸೂರ್ಯ ಮಿನುಗಲ್ಲವಲ್ಲ, ಅದಕ್ಕೆ ಹೊರಗೆ ಶಟರ್ ವೇಗ ಏರಿಸಿಕೊಂಡ್ವಿ, ಇಲ್ಲಾಂದ್ರೆ ಬೆಳಿಗ್ಗೆ ಎಂಟರೊಳಗೆ ಶೂಟ್. ಎನ್‌ಡಿ ಫಿಲ್ಟರ್ ಅಂತ ಕಪ್ಪು ಗಾಜು ಬರುತ್ತೆ, ದುಡ್ಡಿದ್ರೆ ಹಾಕ್ರಿ. ನಮ್ಮ ಹತ್ರ ಇರ್ಲಿಲ್ಲ.

ಮನೆ ಒಳಗಿನ ಬೆಳಕಿಗೆ ನಮಗೆ ಗುರು ಸಿಕ್ಕಿದ್ದು ವಿ.ಕೆ. ಮೂರ್ತಿ. ಮೈಸೂರಿನವರು, ಬೆಂಗಳೂರಿನ ಎಸ್‌.ಜೆ. ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೊಗ್ರಫಿ ಡಿಪ್ಲೊಮಾ ಮಾಡಿ 1946ರಲ್ಲಿ ಹೊರಬಂದವರು. ಮುಂದೆ ಗುರುದತ್ ಜೊತೆ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಮಾಡಿದ್ರು, 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ್ರು. ಗೋವಿಂದ ನಿಹಲಾನಿ ಕ್ಯಾಮೆರಾ ಕಲಿತಿದ್ದೂ ಅದೇ ಪಾಲಿಟೆಕ್ನಿಕ್‌ನಲ್ಲಿ. ಮತ್ತೆ ನಾವು ಸಿನಿಮಾ ಕಲಿಯೋಕೆ ಮುಂಬೈ ಕಡೆ ಮುಖ ಮಾಡ್ತೀವಿ, ಇರ್ಲಿ. ‘ಕಾಗಜ್ ಕೆ ಫೂಲ್’ 1959ರದ್ದು. ಅದರಲ್ಲಿ ಕತ್ತಲೆ ಸ್ಟುಡಿಯೊ ಒಳಗೆ ಮೇಲಿಂದ ಒಂದು ಬೆಳಕಿನ ಕೋಲು ಇಳಿಯುತ್ತಲ್ಲ, ಅದಕ್ಕೆ ಮೂರ್ತಿ ದೊಡ್ಡ ದೀಪ ಬಳಸಲಿಲ್ಲ. ಎರಡು ದೊಡ್ಡ ಕನ್ನಡಿ ಇಟ್ಟು ಹೊರಗಿನ ಬಿಸಿಲನ್ನ ಒಳಗೆ ತಂದ್ರು. ನಾವು ಬೀರುವಿನ ಕನ್ನಡಿ ಬಿಚ್ಚಿದ್ವಿ. ಅಂಗಳದಲ್ಲಿ ಒಬ್ಬ ಅದನ್ನ ಹಿಡಿದು ನಿಂತ, ಬಿಸಿಲು ಬಾಗಿಲಿಂದ ನಡುಮನೆಗೆ ಬಂತು. ಅಜ್ಜಿಯ ಮುಖದ ಮೇಲೆ ನೇರ ಬೀಳಬಾರದು ಅಂತ ಎದುರು ಗೋಡೆಗೆ ಬಿಳಿ ಪಂಚೆ ಕಟ್ಟಿ ಅದರ ಮೇಲೆ ಬಿಟ್ವಿ. ಪಂಚೆಯಿಂದ ಮರಳಿ ಬರುವ ಬೆಳಕು ಎಷ್ಟು ಮೆತ್ತಗಿರುತ್ತೆ ಅಂದ್ರೆ, ಬಾಡಿಗೆ ಲೈಟು ಬೇಕು ಅಂತ ಆಮೇಲೆ ಯಾರೂ ಬಾಯಿ ತೆಗೀಲಿಲ್ಲ. ಕಷ್ಟ ಒಂದೇ: ಸೂರ್ಯ ನಿಲ್ಲಲ್ಲ. ಹತ್ತು ನಿಮಿಷಕ್ಕೊಮ್ಮೆ ಕನ್ನಡಿ ತಿರುಗಿಸ್ತಾ ಇರ್ಬೇಕು.

ಈಗ ಧ್ವನಿಗೆ ಬರ್ತೀನಿ. ನನ್ನ ಪ್ರಕಾರ ವಿದ್ಯಾರ್ಥಿ ಚಿತ್ರಗಳು ಸೋಲೋದು ಇಲ್ಲೇ. ಚಿತ್ರ ಸ್ವಲ್ಪ ಮಸುಕಿದ್ರೆ ನೋಡುವವರು ಸಹಿಸ್ತಾರೆ, ಮಾತು ಕೇಳಿಸದಿದ್ರೆ ಎದ್ದು ಹೋಗ್ತಾರೆ. ನಮ್ಮದಂತೂ ಹಾಡಿನ ಚಿತ್ರ.

ಕಾಲರ್ ಮೈಕ್ ತಗೊಳ್ಳುವಾಗ ಪಿನ್ ನೋಡ್ರಿ. ಪಿನ್ ಮೇಲೆ ಎರಡು ಕಪ್ಪು ಉಂಗುರ ಇದ್ರೆ ಅದು ಕ್ಯಾಮೆರಾಕ್ಕೆ, ಮೂರು ಇದ್ರೆ ಫೋನಿಗೆ. ಎರಡುಂಗುರದ್ದನ್ನ ಫೋನಿಗೆ ಚುಚ್ಚಿದ್ರೆ ಫೋನು ತನ್ನ ಸ್ವಂತ ಮೈಕಿನಿಂದಲೇ ರೆಕಾರ್ಡ್ ಮಾಡ್ಕೊಳ್ಳುತ್ತೆ, ನಿಮಗೆ ಗೊತ್ತೂ ಆಗಲ್ಲ. ಪರೀಕ್ಷೆ ಮಾಡೋದು ಸುಲಭ: ರೆಕಾರ್ಡ್ ಒತ್ತಿ ಮೈಕನ್ನ ಉಗುರಿನಿಂದ ಮೆಲ್ಲಗೆ ಕೆರೀರಿ, ಆಮೇಲೆ ಫೋನನ್ನ ಕೆರೀರಿ. ಯಾವುದರ ಸದ್ದು ದೊಡ್ಡದಾಗಿ ಕೇಳುತ್ತೋ ಅದೇ ಕೆಲಸ ಮಾಡ್ತಿರೋ ಮೈಕು.

ಆದ್ರೆ ಹದಿನಾಲ್ಕು ಜನ ಬಗ್ಗಿ ಹಿಂದಕ್ಕೆ ಹಿಂದಕ್ಕೆ ಸರೀತಾ ಹಾಡುವಾಗ ಕಾಲರ್ ಮೈಕ್ ಎಲ್ಲಿ ಹಾಕ್ತೀರಿ? ಒಂದು ಚಿಕ್ಕ ರೆಕಾರ್ಡರ್ ಬಾಡಿಗೆಗೆ ತಂದು ಬಿದಿರು ಗಳಕ್ಕೆ ಕಟ್ಟಿದ್ವಿ. ಧ್ವನಿ ನೋಡ್ಕೊಂಡಿದ್ದು ಹರಿಹರದ ನಮ್ಮ ಗೆಳತಿ. ಮೊಣಕಾಲು ಮಟ್ಟ ಕೆಸರಿನಲ್ಲಿ, ಗಳ ಹಿಡಿದು, ಸಾಲಿನ ಹಿಂದೆ ಬದುವಿನಿಂದ ಬದುವಿಗೆ. ಗಾಳಿಗೆ ಮೈಕಿನ ಜೊತೆ ಬರುವ ಸ್ಪಂಜು ಏನೇನೂ ಸಾಲಲ್ಲ. ಹಳೇ ಕಂಬಳಿಯ ಚೂರನ್ನ ಸಡಿಲವಾಗಿ ಸುತ್ತಿ ನೋಡಿದ್ವಿ, ಗಾಳಿಯ ಬುಸುಗುಟ್ಟುವಿಕೆ ಮುಕ್ಕಾಲು ಪಾಲು ನಿಂತಿತು. ಧ್ವನಿ ಸ್ವಲ್ಪ ಮಂಕಾಗುತ್ತೆ, ಅದನ್ನ ಎಡಿಟಿಂಗ್‌ನಲ್ಲಿ ಎತ್ತಬಹುದು. ಗಾಳಿಯ ಹೊಡೆತವನ್ನ ಆಮೇಲೆ ತೆಗೆಯೋಕೆ ಆಗಲ್ಲ.

ಇನ್ನೊಂದು, ತ್ರೀ ಫೇಸ್ ಕರೆಂಟ್. ಅದು ಬಂತು ಅಂದ್ರೆ ಸುತ್ತಮುತ್ತಲ ಪಂಪ್‌ಸೆಟ್ ಎಲ್ಲಾ ಒಟ್ಟಿಗೆ ಗುಂಯ್ ಅಂತವೆ. ಪೇಟೆಯವರು ಹಳ್ಳಿ ಅಂದ್ರೆ ನಿಶ್ಶಬ್ದ ಅಂದ್ಕೊಂಡಿದಾರೆ! ಆ ವಾರ ತ್ರೀ ಫೇಸ್ ಎಷ್ಟು ಹೊತ್ತಿಗೆ ಅಂತ ತಿಳ್ಕೊಂಡೇ ನಮ್ಮ ಶೂಟಿಂಗ್ ವೇಳೆ ಬರೆದಿಟ್ಕೊಂಡಿದ್ದು. ಹೋದ ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಬರೀ ಆ ಜಾಗದ ಸದ್ದನ್ನ ರೆಕಾರ್ಡ್ ಮಾಡ್ಕೊಂಡ್ವಿ. ಎಡಿಟ್ ಮಾಡುವಾಗ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಹೊಲಿಗೆ ಹಾಕೋ ದಾರ ಅದು. ಇದಕ್ಕೆ ನಾಟಿಯವರು ನಕ್ಕಿದ್ದೇ ನಕ್ಕಿದ್ದು: ‘ಸುಮ್ನಿರೋದನ್ನೂ ತುಂಬ್ಕೊಂಡು ಹೋಗ್ತಾರಂತೆ ನೋಡವ್ವ.’

ಚಿತ್ರ ಫೋನಿನಲ್ಲಿ, ಧ್ವನಿ ರೆಕಾರ್ಡರಿನಲ್ಲಿ. ಎರಡನ್ನೂ ಕೂಡಿಸಬೇಕಲ್ಲ? ಪ್ರತಿ ಶಾಟ್ ಶುರುವಿಗೆ ಒಂದು ಚಪ್ಪಾಳೆ. ಕೈ ಸೇರಿದ ಫ್ರೇಮು, ಸದ್ದು ಚೂಪಾಗಿ ಎದ್ದ ಜಾಗ, ಎರಡನ್ನೂ ಒಂದರ ಕೆಳಗೊಂದು ಇಟ್ರೆ ಆಯ್ತು. ಆದ್ರೆ ಅಭ್ಯಾಸದ ವಿಡಿಯೊಗಳಲ್ಲೇ ಒಂದು ವಿಚಿತ್ರ ಕಂಡಿತು. ಶುರುವಿಗೆ ಸರಿ ಕೂಡುತ್ತೆ, ಹತ್ತು ನಿಮಿಷ ಆಗೋಷ್ಟರಲ್ಲಿ ತುಟಿ ಮೊದಲು, ಮಾತು ಆಮೇಲೆ. ಫೋನು ಬೆಳಕು ಕಮ್ಮಿ ಆದಾಗ ತಾನೇ ಫ್ರೇಮಿನ ವೇಗ ಇಳಿಸ್ಕೊಳ್ಳುತ್ತೆ, ಸೆಕೆಂಡಿಗೆ ಒಂದೊಂದು ಲೆಕ್ಕ. ಎಷ್ಟೋ ಎಡಿಟಿಂಗ್ ಸಾಫ್ಟ್‌ವೇರ್‌ಗಳಿಗೆ ಇದು ಜೀರ್ಣ ಆಗಲ್ಲ. ‘ಹ್ಯಾಂಡ್‌ಬ್ರೇಕ್’ ಅನ್ನೋ ಉಚಿತ ಸಾಫ್ಟ್‌ವೇರ್‌ಗೆ ಹಾಕಿ, ಸ್ಥಿರ ಫ್ರೇಮ್ ರೇಟ್ 25 ಅಂತ ಕೊಟ್ಟು ರಾತ್ರಿ ಮಲಗಿದ್ರೆ ಬೆಳಿಗ್ಗೆಗೆ ಎಲ್ಲ ಸರಿ. ಕರೆಂಟ್ ಇದ್ರೆ.

ಎಡಿಟಿಂಗ್‌ಗೆ ಎಲ್ಲರೂ ‘ಡಾವಿಂಚಿ ರಿಸಾಲ್ವ್’ ಅಂತಾರೆ. ಅದರ ಉಚಿತ ಆವೃತ್ತಿ ನಿಜಕ್ಕೂ ಬಹಳ ಒಳ್ಳೇದು. ಆದ್ರೆ ನಮ್ಮ 8 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಅದನ್ನ ತೆರೆದ ಕೂಡಲೇ ಫ್ಯಾನು ಗಿರಣಿ ಥರ ಸದ್ದು ಮಾಡ್ತು. ನಾವು ‘ಕೆಡೆನ್‌ಲೈವ್’ ಹಿಡಿದ್ವಿ. ಅದೂ ಉಚಿತ, ಹಗುರ. ಅದರಲ್ಲಿ ‘ಪ್ರಾಕ್ಸಿ’ ಅಂತ ಒಂದು ಅನುಕೂಲ ಇದೆ: ದೊಡ್ಡ ವಿಡಿಯೊದ ಚಿಕ್ಕ ನಕಲು ಮಾಡ್ಕೊಂಡು ಅದರ ಮೇಲೆ ಕತ್ತರಿ ಆಡಿಸೋದು, ಕೊನೆಗೆ ರೆಂಡರ್ ಮಾಡುವಾಗ ಸಾಫ್ಟ್‌ವೇರ್ ತಾನೇ ಅಸಲಿಯನ್ನ ತಗೊಳ್ಳುತ್ತೆ. ಈ ಒಂದು ಗುಂಡಿ ಗೊತ್ತಿಲ್ಲದೆ ‘ನನ್ನ ಲ್ಯಾಪ್‌ಟಾಪ್‌ನಲ್ಲಿ ಆಗಲ್ಲ’ ಅಂತ ಪ್ರಾಜೆಕ್ಟ್ ಕೈಬಿಟ್ಟವರನ್ನ ನಾನು ನೋಡಿದ್ದೀನಿ. ಅದಕ್ಕೇ ಒತ್ತಿ ಹೇಳ್ತಿರೋದು.

ಕನ್ನಡದವರಿಗೆ ಇರುವ ಒಂದು ತಲೆನೋವೂ ಇದೆ, ಅಕ್ಷರ. ಹಾಡಿನ ಸಾಲುಗಳನ್ನ ನಮ್ಮವರೊಬ್ಬರು ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ತಂದ್ರು. ಸಬ್‌ಟೈಟಲ್ ಫೈಲಿಗೆ ಹಾಕಿದ್ರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆ ಫಾಂಟು ಯೂನಿಕೋಡ್ ಅಲ್ಲ. ಪರಿವರ್ತಕದಿಂದ ಯೂನಿಕೋಡಿಗೆ ತಂದು, ಫೈಲನ್ನ ಯುಟಿಎಫ್-8 ಅಂತ ಉಳಿಸಬೇಕು. ಆಮೇಲೂ ಕೆಲವು ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ನಿಲ್ಲುತ್ತೆ, ‘ಅಮ್ಮ’ ಅನ್ನೋದು ಮುರಿದು ಬೀಳುತ್ತೆ. ಕಾಲೇಜಿನಲ್ಲಿ ಪ್ರೀಮಿಯರ್ ಇದ್ರೆ ಅದರ ಪ್ರಿಫರೆನ್ಸ್‌ನಲ್ಲಿ ಗ್ರಾಫಿಕ್ಸ್ ಅಂತಿದೆ, ಅಲ್ಲಿ ದಕ್ಷಿಣ ಏಷ್ಯಾದ ಟೆಕ್ಸ್ಟ್ ಎಂಜಿನ್ ಆರಿಸ್ರಿ, ಸರಿಯಾಗುತ್ತೆ. ಏನೂ ಆಗಲಿಲ್ಲ ಅಂದ್ರೆ ಶೀರ್ಷಿಕೆಯನ್ನ ‘ಇಂಕ್‌ಸ್ಕೇಪ್’ನಲ್ಲಿ ಬರೆದು ಚಿತ್ರವಾಗಿ ತಂದು ಕೂರಿಸ್ರಿ. ಹಾಡಿದವರ ಹೆಸರು ತಪ್ಪಾಗಿ ಮೂಡೋದು ಸಣ್ಣ ವಿಷಯ ಅಲ್ಲ. ತಮ್ಮ ಹೆಸರನ್ನ ಪರದೆ ಮೇಲೆ ಅವರು ನೋಡೋದು ಅದೇ ಮೊದಲು.

ಸಾಧನ ಕಮ್ಮಿ ಅಂತ ಅಳುವವರಿಗೆ ಒಂದು ಉದಾಹರಣೆ. ಮೈಸೂರಿನಲ್ಲಿ ವೈದ್ಯಕೀಯ ಓದಿದ ಚಿದಾನಂದ ಎಸ್. ನಾಯ್ಕ್ ಪುಣೆಯ ಎಫ್‌ಟಿಐಐನ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸ್‌ನಲ್ಲಿ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ ಅನ್ನೋ 16 ನಿಮಿಷದ ಕನ್ನಡ ಕಿರುಚಿತ್ರ ಮಾಡಿದ್ರು. ಕೋಳಿ ಕದ್ದ ಅಜ್ಜಿಯ ಜನಪದ ಕಥೆ. 2024ರ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಅದಕ್ಕೇ ಬಂತು. ಅವರಿಗೆ ಒಳ್ಳೆಯ ಸಂಸ್ಥೆ, ಒಳ್ಳೆಯ ಸಾಧನ ಇದ್ವು, ಒಪ್ಪೋಣ. ಆದ್ರೆ ಶೂಟಿಂಗ್‌ಗೆ ಇದ್ದದ್ದು ನಾಲ್ಕೇ ದಿನ, ಅದೂ ರಾತ್ರಿ ಕೆಲಸ. ನಾಲ್ಕು ದಿನ ಅಂದ್ರೆ ಅಲ್ಲಿ ನಿಂತು ಗುಂಡಿ ಹುಡುಕೋಕೆ ವೇಳೆ ಇರಲ್ಲ. ಕ್ಯಾಮೆರಾದವರು, ಧ್ವನಿಯವರು, ಎಡಿಟರು ತಮ್ಮ ತಮ್ಮ ಯಂತ್ರವನ್ನ ಕತ್ತಲಲ್ಲೂ ಕೈಗೆ ರೂಢಿ ಮಾಡ್ಕೊಂಡು ಬಂದಿರ್ಬೇಕು.

ನಮಗೆ ಗದ್ದೆಯಲ್ಲಿ ಸಿಕ್ಕಿದ್ದು ಎರಡು ಬೆಳಿಗ್ಗೆ. ಈಗ ಕೆಲವು ಕಡೆ ನಾಟಿ ಯಂತ್ರ ಬಂದಿದೆ, ಕೆಲವರು ನೇರ ಬಿತ್ತನೆ ಮಾಡ್ತಿದ್ದಾರೆ. ಗುಂಪಿನಲ್ಲಿ ಹಾಡು ಪೂರ್ತಿ ಬರ್ತಿದ್ದದ್ದು ಮೂವರಿಗೆ, ಉಳಿದವರು ದನಿಗೂಡಿಸುವವರು. ಎರಡನೇ ಬೆಳಿಗ್ಗೆ, ಬಿಸಿಲು ಏರೋ ಮುಂಚೆ, ಹಿರಿಯಾಕೆ ತಾನಾಗೇ ಎತ್ತಿದ್ರು. ಯಾರೂ ಕೇಳಿರ್ಲಿಲ್ಲ. ಒಂದೇ ಉಸಿರಿಗೆ ಅನ್ನುವಂತೆ 22 ನಿಮಿಷ. ಫೋನಿನ ವಿಡಿಯೊ ನಿಮಿಷಕ್ಕೆ ಸುಮಾರು 130 ಎಂಬಿ ಅಂತ ಮೊದಲೇ ಲೆಕ್ಕ ಹಾಕಿ ಜಾಗ ಖಾಲಿ ಮಾಡಿಟ್ಟಿದ್ವಿ, ರೆಕಾರ್ಡರಿಗೆ ಹೊಸ ಸೆಲ್ ಹಾಕಿತ್ತು, ಕಂಬಳಿ ಕಟ್ಟಿತ್ತು. ನಮ್ಮ ಗೆಳತಿ ಗಳ ಇಳಿಸಲೇ ಇಲ್ಲ. ಅವತ್ತು ಸಂಜೆಯೇ ಮೂರು ಕಡೆ ನಕಲು: ಲ್ಯಾಪ್‌ಟಾಪ್, ಹೊರಗಿನ ಹಾರ್ಡ್ ಡಿಸ್ಕ್, ಜಗಳೂರಿನ ಗೆಳೆಯನ ಪೆನ್‌ಡ್ರೈವ್. ಮೂರೂ ಮೂರು ಮನೆಯಲ್ಲಿ.

ಚಿತ್ರ ಮುಗಿದ ಮೇಲೆ ಊರಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ತೋರಿಸಿದ್ವಿ. ಮಂಡಕ್ಕಿ ಮಿರ್ಚಿ ತರಿಸಿದ್ವಿ, ಅದರ ಕುರುಕುರು ಸದ್ದಿಗೆ ಅರ್ಧ ಡೈಲಾಗ್ ಕೇಳಿಸಲಿಲ್ಲ. ಮುಗಿದ ಮೇಲೆ ಹಿರಿಯಾಕೆ ಹತ್ರ ಕರೆದು, ‘ಎಲ್ಲಾ ಚಲೋ ಐತಿ, ಆದ್ರ ಹಾಡಿನ ಹಿಂದ ಅದೇನೋ ಪೀಪಿ ಊದ್ಸೀರಲ್ಲ, ಅದ್ಯಾಕೆ?’ ಅಂದ್ರು. ಅದು ನಾವು ಎಡಿಟಿಂಗ್‌ನಲ್ಲಿ ಸೇರಿಸಿದ್ದ ಕೊಳಲು. ‘ಅದನ್ನ ತಗದು ಬರೇ ಹಾಡು ಕೊಡು, ಮಗಳು ಶಿರಾಳಕೊಪ್ಪದಾಗೈತಿ, ಅಕಿಗೆ ಕಳಸ್ಬೇಕು.’ ಮೂಲ ಧ್ವನಿ ಹಂಗೇ ಇತ್ತು, 22 ನಿಮಿಷದ್ದೂ. ‘ಆಡಾಸಿಟಿ’ಯಲ್ಲಿ ತೆರೆದು, ಶುರುವಿನ ಚಪ್ಪಾಳೆ ಕತ್ತರಿಸಿ, ಎಂಪಿ3 ಮಾಡಿ ಅವರ ಮೊಮ್ಮಗನ ವಾಟ್ಸ್‌ಆ್ಯಪ್‌ಗೆ ಅವತ್ತು ರಾತ್ರಿಯೇ ಕಳಿಸಿದೆ.