ಹದಿನಾಲ್ಕು ಸಾವಿರ ಕಿಲೋಮೀಟರ್‌ಗಳ ಲೆಕ್ಕ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳಿಂದ ಮೇಲುಕೋಟೆಯ ಬೆಟ್ಟ ಹತ್ತಿ ಬಂದಿರುವ ವಿದ್ಯಾರ್ಥಿಗಳೇ, ಮಲೆಯ ಊರುಗಳ ಹಿರಿಯರೇ,

ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ, ಎಷ್ಟು ಹೊತ್ತು ಎಂಬುದು ಇಂದು ನಮ್ಮ ಹಳ್ಳಿಗಳಲ್ಲೂ ಕೇಳಿಬರುವ ಪ್ರಶ್ನೆ. ಯಾರದೋ ಮಗ, ಯಾರದೋ ಮೊಮ್ಮಗಳು ಆ ಕಡೆ ನೌಕರಿಯಲ್ಲಿರುತ್ತಾರೆ. ದೂರವೇನೋ ಸುಮಾರು 14,000 ಕಿ.ಮೀ. ಆದರೆ ಯಾವ ದಾರಿಯ ದೂರ?

ಶಾಲೆಯ ಗೋಡೆಯ ನಕ್ಷೆಯನ್ನು ಬಿಟ್ಟು ಭೂಗೋಳವನ್ನು ಕೈಗೆತ್ತಿಕೊಳ್ಳಿ. ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆಯಿರಿ. ಅದು ಪೂರ್ವಕ್ಕೂ ಹೋಗದು, ಪಶ್ಚಿಮಕ್ಕೂ ಹೋಗದು. ಉತ್ತರಕ್ಕೆ ಏರಿ ಹಿಮಾಲಯ, ಟಿಬೆಟ್, ಸೈಬೀರಿಯಾಗಳನ್ನು ದಾಟಿ ಧ್ರುವವೃತ್ತದೊಳಗೆ ಹೊಕ್ಕು ಅಮೆರಿಕಕ್ಕೆ ಇಳಿಯುತ್ತದೆ. ಉರುಟಾದ ಭೂಮಿಯ ಮೇಲೆ ಅದೇ ಹತ್ತಿರದ ಹಾದಿ.

ವಿಮಾನವಾದರೂ ಆ ದಾರವನ್ನೇ ಹಿಡಿದು ಸಾಗಲಾರದು. ಒಳಗಿನ ಗಾಳಿಯ ಒತ್ತಡ ಕುಸಿದರೆ ಅದು ಕೂಡಲೇ ಮೂರು ಸಾವಿರ ಮೀಟರ್ ಎತ್ತರಕ್ಕೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಅದಕ್ಕಿಂತ ಮೇಲಿದೆ. ಆದುದರಿಂದ ವಿಮಾನಗಳು ಸಾಮಾನ್ಯವಾಗಿ ಆ ಪ್ರಸ್ಥಭೂಮಿಯನ್ನು ಬಳಸಿ ಹೋಗುತ್ತವೆ. ಚಳಿಗಾಲದಲ್ಲಿ ಮೈಸೂರು ಸೀಮೆಯ ಕೆರೆಗಳಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಈ ಅಂಜಿಕೆ ಇಲ್ಲ!

2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾದು, 11ರ ಬೆಳಗಿನ ಜಾವ ಬೆಂಗಳೂರಿಗೆ ಇಳಿಯಿತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳೆಯರು. ಹಿಡಿದದ್ದು ಸುಮಾರು 17 ಗಂಟೆ. ತಾರೀಖಿನಲ್ಲಿ ಎರಡು ದಿನ ಕಳೆದಂತೆ ಕಂಡದ್ದು ಎರಡು ಊರುಗಳ ಗಡಿಯಾರಗಳ ನಡುವಿನ ಹದಿಮೂರೂವರೆ ಗಂಟೆಗಳ ಅಂತರದಿಂದ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲುಗಾಳಿ ಬೆನ್ನಿಗಿದ್ದರೆ ಹೊತ್ತು ಕಡಿಮೆ, ಎದುರಾದರೆ ಹೆಚ್ಚು.

ಟಿಕೇಟಿನ ಮೇಲೆ ಕಾಣದ ಲೆಕ್ಕವೊಂದಿದೆ. ಅಂತಹ ವಿಮಾನ ಅಷ್ಟು ದೂರ ಹಾರಲು ನೂರು ಟನ್ನಿಗೂ ಹೆಚ್ಚು ಇಂಧನ ಬೇಕು. ಒಂದು ಕಿಲೋ ವಿಮಾನ ಇಂಧನ ಉರಿದರೆ ಮೂರು ಕಿಲೋಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಆ ವಿಮಾನದಲ್ಲಿದ್ದುದು 238 ಆಸನ. ಭಾಗಿಸಿ ನೋಡಿ: ತಲೆಗೆ ಒಂದೂಕಾಲು ಟನ್ನಿಗೆ ಕಡಿಮೆಯಿಲ್ಲ, ಅದೂ ಒಂದು ಕಡೆಯ ಪಯಣಕ್ಕೆ. ಸರಾಸರಿ ಭಾರತೀಯನೊಬ್ಬನ ಇಡೀ ವರ್ಷದ ಪಾಲು ಸುಮಾರು ಎರಡು ಟನ್. ಸೌದೆ ಒಲೆಯ ಮುಂದೆ ಕುಳಿತ ಮಲೆಯ ಹೆಂಗಸಿಗೆ ಕಾಡು ಉಳಿಸೆಂದು ಬೋಧಿಸುವವರು ಈ ಭಾಗಾಕಾರವನ್ನು ಮೊದಲು ಮಾಡಬೇಕಿತ್ತು.

2023ರಲ್ಲಿ ಮುಂಗಾರು ಕೈಕೊಟ್ಟು ಕೃಷ್ಣರಾಜಸಾಗರ ತುಂಬದೆ ಹೋದುದನ್ನು ನೀವು ಕಂಡಿರಿ. ಆ ಒಂದು ಬರವನ್ನು ವಿಮಾನಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಬಿಸಿಯೇರಿದ ವಾಯುಮಂಡಲದಲ್ಲಿ ಮಳೆ ತನ್ನ ಹದ ಕಳೆದುಕೊಳ್ಳುತ್ತದೆ. ಮೂಡಿಗೆರೆಯ ಕಡೆ ಹುಟ್ಟುವ ಹೇಮಾವತಿಯ ಏರಿಳಿತ ಕೆ.ಆರ್.ಪೇಟೆಯ ಗದ್ದೆಗೂ ನಾಗಮಂಗಲದ ನಾಲೆಗೂ ತಟ್ಟುತ್ತದೆ.

ಹೋದ ಮಕ್ಕಳನ್ನು ಬರಬೇಡಿ ಎನ್ನಲು ಯಾವ ತಾಯಿಗೂ ಬಾಯಿ ಬಾರದು, ನಾನೂ ಹೇಳಲಾರೆ. ವರ್ಷಕ್ಕೆರಡು ಸಲ ವಾರದ ಮಟ್ಟಿಗೆ ಬಂದು ಹೋಗುವ ಬದಲು, ಒಮ್ಮೆ ಬಂದು ತಿಂಗಳು ನಿಲ್ಲಿ ಎಂದು ಕೇಳಬಹುದು. ಇಂಧನ ಅರ್ಧಕ್ಕೆ ಇಳಿಯುತ್ತದೆ. ಮೊಮ್ಮಕ್ಕಳಿಗೆ ಕನ್ನಡವೂ ಒಂದಿಷ್ಟು ಹತ್ತುತ್ತದೆ.