ಪದ ಒಂದೇ, ಬಣ್ಣ ಬೇರೆ



ನಾನು ಮದುವೆಯಾಗಿ ಕೊಂಢವಾಕ್ಕೆ ಬಂದ ಹೊಸತು. ಪಕ್ಕದ ಮನೆಯ ಮಗು ನಮ್ಮ ಬಾಗಿಲ ರಂಗೋಲಿ ಅಳಿಸಿಬಿಟ್ಟಿತು. ಅದರ ತಾಯಿ ಓಡಿ ಬಂದು, "ವಹಿನಿ, ರಾಗ ಆಲಾ ಕಾ?" ಎಂದರು. ನಾನು ಅರೆಬರೆ ಮರಾಠಿಯಲ್ಲಿ, "ಹೂಂ, ನಾಲ್ಕೈದು ಬರುತ್ತವೆ, ಊರಲ್ಲಿ ಸಂಗೀತ ಕಲಿತಿದ್ದೆ" ಎಂದೆ! ನಮಗೆ ಇಂಪಾದ ರಾಗ ಅವರಿಗೆ ಸಿಟ್ಟು.

ಒಂದೇ ಭಾಷೆಯೊಳಗೂ ಇದೇ ಕಥೆ. ಕೈ ಹಿಡಿದು ಖರ್ಚು ಮಾಡಿದರೆ ನಮ್ಮದು ಮಿತವ್ಯಯ, ಓರಗಿತ್ತಿಯದು ಜಿಪುಣತನ. ನಮ್ಮ ಮಗು ಚೂಟಿ, ಪಕ್ಕದ ಮನೆಯದು ತುಂಟ. ಮಾಡಿದ ಕೆಲಸ ಒಂದೇ. ಪದ ಆರಿಸುವುದು ನಮ್ಮ ಮನಸ್ಸು.

ನನ್ನ ತಪ್ಪನ್ನೇ ಹೇಳುತ್ತೇನೆ. ಬೇಕಾದ ಕಾಲೇಜಿಗೇ ಸೇರುತ್ತೇನೆಂದು ಮಗ ಪಟ್ಟು ಹಿಡಿದಾಗ 'ಛಲಗಾರ' ಎಂದು ಹೆಮ್ಮೆಪಟ್ಟೆ. ಮೂರು ವರ್ಷದ ನಂತರ ಮಗಳು ಅದೇ ಮಾತಾಡಿದಾಗ 'ಹಟಮಾರಿ' ಎಂದು ಗದರಿದೆ. "ಅಮ್ಮಾ, ಅಣ್ಣನಿಗೆ ಯಾಕೆ ಹೀಗನ್ನಲಿಲ್ಲ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಬಜಾರಿ, ಗಯ್ಯಾಳಿ, ಗಂಡುಬೀರಿ ಎಲ್ಲವೂ ಹೆಣ್ಣಿಗೇ ಮೀಸಲು. 'ಬಜಾರಿ'ಯಲ್ಲಿರುವುದು ಬಜಾರು. ದಿನಾ ತರಕಾರಿ ತರಲು ಬಜಾರಿಗೆ ಹೋಗುವ ನಾವು ಆ ಬೈಗುಳವನ್ನು ಇನ್ನೊಬ್ಬಳಿಗೆ ಹೇಗೆ ಅನ್ನೋಣ? ಪದದ ಬಣ್ಣ ಬದಲಾಗುವುದೂ ಉಂಟು. ಪೂರ್ಣಚಂದ್ರ ತೇಜಸ್ವಿಯವರ 'ಕಿರಗೂರಿನ ಗಯ್ಯಾಳಿಗಳು' ಓದಿದ ಮೇಲೆ ಗಯ್ಯಾಳಿ ಎಂದರೆ ಧೈರ್ಯವಂತೆ ಅನ್ನಿಸುತ್ತದೆ. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೆಣ್ಣನ್ನು ಕೀಳಾಗಿಸುವ ಪದಗಳನ್ನು ಪಟ್ಟಿ ಮಾಡಿ, ಅವುಗಳ ಬದಲು ಯಾವ ಪದ ಬಳಸಬೇಕೆಂದು ಕೈಪಿಡಿ ಹೊರಡಿಸಿತು. ಅದರಲ್ಲಿ 'ಹೌಸ್‌ವೈಫ್' ಹೋಗಿ 'ಹೋಮ್‌ಮೇಕರ್' ಬಂತು.

ನಮ್ಮ ಅಜ್ಜಿಯರಿಗೆ ಕೈಪಿಡಿ ಬೇಕಿರಲಿಲ್ಲ. ದೀಪ ಆರಿಸು ಎನ್ನದೆ 'ಶಾಂತ ಮಾಡು' ಎನ್ನುತ್ತಿದ್ದರು. ಇಲ್ಲಿನ ಮರಾಠಿ ಅಜ್ಜಿಯರೂ ಬಳೆ ಒಡೆದರೆ 'ಬಾಂಗಡಿ ವಾಢಲಿ', ಅಂದರೆ ಬಳೆ ಹೆಚ್ಚಿತು, ಎನ್ನುತ್ತಾರೆ. ದೀಪಕ್ಕೂ ಬಳೆಗೂ ತೋರಿದ ಈ ಮರ್ಯಾದೆಯನ್ನು ನಮ್ಮ ಹೆಣ್ಣುಮಕ್ಕಳಿಗೂ ತೋರೋಣ, ನಮಗೆ ನಾವೂ ತೋರಿಕೊಳ್ಳೋಣ. ಏನು ಮಾಡ್ತೀರಿ ಎಂದು ಯಾರಾದರೂ ಕೇಳಿದರೆ "ಏನಿಲ್ಲ, ಸುಮ್ನೆ ಮನೇಲಿದೀನಿ" ಎನ್ನಬೇಡಿ. "ಮನೆ ನಡೆಸ್ತೀನಿ" ಎನ್ನಿ. ಬೆಳಿಗ್ಗೆ ಐದಕ್ಕೆ ಎದ್ದವರು ಸುಮ್ಮನೆ ಇದ್ದದ್ದು ಯಾವಾಗ?

ಮಗಳಿಗೆ ಆಮೇಲೆ 'ನೀನೂ ಛಲಗಾತಿ' ಎಂದೆ. ತಡವಾಗಿತ್ತು, ಆದರೂ ನಕ್ಕಳು.

ನಮ್ಮಲ್ಲಿ ಹೊರಡುವಾಗ 'ಹೋಗ್ತೀನಿ' ಎನ್ನುವುದಿಲ್ಲ. ಹಾಗಾಗಿ, ಹೋಗಿ ಬರ್ತೀನಿ.