ಒಂದು ಆಟ, ಹಲವು ಆವೃತ್ತಿ

ಆಟದ ನಿಯಮಗಳನ್ನು ತಿಳಿಸುವ ಪುಸ್ತಕವನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ಚೌಕಾಬಾರಕ್ಕೆ ಪುಸ್ತಕವೇ ಬೇಕಿಲ್ಲ. ಅಜ್ಜಿ ಎರಡು ಸಲ ಕವಡೆ ಎಸೆದು ತೋರಿಸಿದರೆ ಮುಗಿಯಿತು. ಆದರೆ ಈಗ ನಾನು ಹೇಳಹೊರಟಿರುವ ಆಟ ಬಹುಮಟ್ಟಿಗೆ ಪುಸ್ತಕದಲ್ಲಿಯೇ ಇರುವಂಥದು. ಅಮೆರಿಕದಲ್ಲಿ ಹುಟ್ಟಿದ ಅದರ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ನೆಲಮಾಳಿಗೆ ಮತ್ತು ಘಟಸರ್ಪಗಳ ಆಟ ಎನ್ನೋಣ.

ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬ ಸೂತ್ರಧಾರ, ಉಳಿದವರಲ್ಲಿ ಒಬ್ಬ ಭಟ, ಒಬ್ಬ ಮಂತ್ರವಾದಿ, ಮತ್ತೊಬ್ಬ ಕಳ್ಳ. ತಾಳಮದ್ದಳೆ ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ವೇಷವಿಲ್ಲ, ರಂಗವಿಲ್ಲ, ಕುಳಿತಲ್ಲಿಯೇ ಮಾತಿನಿಂದ ಎಲ್ಲವೂ ನಡೆಯಬೇಕು. ಆದರೆ ಇಲ್ಲಿ ಕಥೆಯ ಕೊನೆ ಯಾರಿಗೂ ಗೊತ್ತಿಲ್ಲ. ಎತ್ತಿದ ಕತ್ತಿ ತಗುಲಿತೇ ಇಲ್ಲವೇ ಎಂಬುದನ್ನು 20 ಮುಖದ ದಾಳವೊಂದು ಹೇಳುತ್ತದೆ.

1974ರಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು ಮೂರು ಪುಟ್ಟ ಪುಸ್ತಿಕೆಗಳಾಗಿ ಪೆಟ್ಟಿಗೆಯಲ್ಲಿಟ್ಟು ಹೊರತಂದರು. ಮೊದಲ ಮುದ್ರಣ ಬರಿಯ 1000 ಪ್ರತಿ. ಪುಟ್ಟ ಗೊಂಬೆ ಸೈನಿಕರನ್ನಿಟ್ಟು ಯುದ್ಧದಾಟ ಆಡುತ್ತಿದ್ದವರಿಗಾಗಿ ಬರೆದ ಪುಸ್ತಿಕೆಗಳವು. ಆಡಬೇಕಾದರೆ ‘ಚೈನ್‌ಮೇಲ್’ ಎಂಬ ಇನ್ನೊಂದು ನಿಯಮಪುಸ್ತಕವನ್ನೂ, ಬೇರೆ ಕಂಪನಿಯ ಆಟವೊಂದರ ಹಲಗೆಯನ್ನೂ ತಂದುಕೊಳ್ಳಿರೆಂದು ಅವುಗಳಲ್ಲಿ ಸೂಚನೆಯಿತ್ತು! ಬಲ್ಲವರು ಬಲ್ಲವರಿಗೆ ಬರೆದ ಚೀಟಿಯಂತಿದ್ದ ಆ ಬರಹ ಹೊಸಬನಿಗೆ ತಲೆಬುಡ ತಿಳಿಯುವಂತಿರಲಿಲ್ಲ.

1977ರಿಂದ 1979ರವರೆಗೆ ಗೈಗಾಕ್ಸರು ದಪ್ಪ ರಟ್ಟಿನ ಮೂರು ಸಂಪುಟಗಳನ್ನು ಬರೆದರು. ಇಲ್ಲಿ ಧ್ವನಿಯೇ ಬೇರೆ. ಇದು ಹಳೆಯ ಕಾಲದ ಮೇಷ್ಟರ ಧ್ವನಿ: ಕಠಿನ ಶಬ್ದಗಳು, ಮಧ್ಯೆ ಮಧ್ಯೆ ಗದರಿಕೆ, ಕೊನೆಯಲ್ಲಿ ತಾವು ಓದಿ ಮೆಚ್ಚಿದ ಪುಸ್ತಕಗಳ ಪಟ್ಟಿ. ಸೂತ್ರಧಾರನಿಗೆ ಮೀಸಲಾದ ಸಂಪುಟವನ್ನು ಇತರರು ಇಟ್ಟುಕೊಂಡರೆ ಅವರಿಗೆ ಮರ್ಯಾದೆಯ ಸಾವೂ ಸಲ್ಲದೆಂಬ ಧಾಟಿಯಲ್ಲಿ ಅವರು ಬರೆಯುತ್ತಾರೆ. ರಾತ್ರಿ ಪಟ್ಟಣದ ಬೀದಿಯಲ್ಲಿ ಎದುರಾಗಬಹುದಾದ ಹೆಂಗಸರ ಬಗೆಗಳನ್ನು ಹೇಳುವ ಪಟ್ಟಿಯೂ ಅಲ್ಲಿದೆ. ಮನೆಮಂದಿಯೆಲ್ಲ ಕೇಳುವ ಹೊತ್ತಿನಲ್ಲಿ ಅದನ್ನು ಓದಲಾರೆ. ಹೆಣ್ಣು ಪಾತ್ರದ ಬಲ ಇಷ್ಟನ್ನು ಮೀರಕೂಡದು ಎಂಬ ನಿಯಮವೂ ಇತ್ತು. ಮಂತ್ರದಿಂದ ಬೆಂಕಿ ಉಗುಳಬಹುದು, ಆದರೆ ಹೆಂಗಸು ಗಂಡಸಿನಷ್ಟು ಭಾರ ಎತ್ತಕೂಡದು! ಆದರೂ ಮಾತು ಒಪ್ಪುತ್ತೇನೆ: ಆ ಗದ್ಯದಲ್ಲಿ ಒಬ್ಬ ಮನುಷ್ಯನಿದ್ದಾನೆ. ಮುಂದಿನ ಆವೃತ್ತಿಗಳಲ್ಲಿ ಆತ ಸಿಕ್ಕುವುದು ಅಪರೂಪ.

ಅಷ್ಟರಲ್ಲಿ ಮಕ್ಕಳು ಬಂದಿದ್ದರು. 1983ರಲ್ಲಿ ಫ್ರಾಂಕ್ ಮೆಂಟ್ಸರ್ ಬರೆದ ಕೆಂಪು ಪೆಟ್ಟಿಗೆ ಅವರಿಗಾಗಿ. ಕಲಿಸುವವರಿಲ್ಲದೆ ಹುಡುಗನೊಬ್ಬ ತನ್ನ ಕೋಣೆಯಲ್ಲಿ ಒಬ್ಬನೇ ಓದುತ್ತಿದ್ದಾನೆಂದೇ ಭಾವಿಸಿ, ‘ನೀನು’ ಎಂದು ಕೈಹಿಡಿದು ಮಾತನಾಡಿಸುತ್ತದೆ. ನೀನು ಗುಹೆಗೆ ಹೋಗುತ್ತೀಯೆ. ಅಲೀನಾ ಎಂಬ ದಯಾಳು ಹುಡುಗಿ ಸಿಗುತ್ತಾಳೆ. ನಿನ್ನ ಗಾಯ ಮಾಯಿಸುತ್ತಾಳೆ. ಆಮೇಲೆ ಬಾರ್ಗಲ್ ಎಂಬ ಮಾಟಗಾರ ಅವಳನ್ನು ಕೊಂದುಬಿಡುತ್ತಾನೆ. ನಿಯಮ ಕಲಿಯಲು ಕುಳಿತ ಹುಡುಗನಿಗೆ ಮೊದಲು ದುಃಖವನ್ನು ಕಲಿಸಿದ ಪುಸ್ತಕ ಇದು. ಇಷ್ಟು ಆವೃತ್ತಿಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಾದದ್ದು ಇದೇ.

ಮಕ್ಕಳು ಬಂದಮೇಲೆ ತಾಯಿತಂದೆಗಳ ಆತಂಕವೂ ಬಂದಿತು. 1982ರಲ್ಲಿ ಮಗನ ಆತ್ಮಹತ್ಯೆಯಿಂದ ನೊಂದ ತಾಯಿಯೊಬ್ಬರು ಆಟವೇ ಕಾರಣವೆಂದು ನಂಬಿ, ಮರುವರ್ಷ ಸಂಘವೊಂದನ್ನು ಕಟ್ಟಿದರು. ಇದು ಸೈತಾನನ ಆಟವೆಂದು ಧಾರ್ಮಿಕರು ಕೆಲವರು ಸಾರಿದರು. ಆಟ ಹುಡುಗರನ್ನು ಸಾವಿಗೆ ತಳ್ಳುತ್ತದೆಂಬುದು ಎಂದೂ ರುಜುವಾತಾಗಲಿಲ್ಲ. ಆ ತಾಯಿಯ ದುಃಖವನ್ನು ಮಾತ್ರ ಯಾರೂ ಸುಳ್ಳೆನ್ನಲಾರರು.

1989ರ ಎರಡನೆಯ ಆವೃತ್ತಿಯಲ್ಲಿ ಕಂಪನಿ ತಲೆಬಾಗಿತು. ಕೊಲೆಗಡುಕನೆಂಬ ಪಾತ್ರ ಹೋಯಿತು. ದೆವ್ವ, ಪಿಶಾಚಿಗಳ ಹೆಸರನ್ನೂ ಅಳಿಸಿದರು. ಅವು ಕೆಲಕಾಲದ ಮೇಲೆ ಹಿಂದಿರುಗಿದ್ದು ‘ಟನಾರಿ’, ‘ಬಾಟೆಜು’ ಎಂಬ ಅರ್ಥವಿಲ್ಲದ ಹೆಸರು ಹೊತ್ತು. ಕೊಂಬು, ಬಾಲ ಮಾತ್ರ ಮೊದಲಿನವೇ! ಇದು ಹೇಡಿತನವೆಂದೇ ನನ್ನ ಮತ. ಆದರೆ ಹೆಣ್ಣಿನ ಬಲಕ್ಕೆ ಹಾಕಿದ್ದ ಮಿತಿಯನ್ನು ಕಿತ್ತೊಗೆದದ್ದೂ ಇದೇ ಆವೃತ್ತಿ. ಅಂಜಿಕೆಯೂ ನ್ಯಾಯವೂ ಒಂದೇ ರಟ್ಟಿನೊಳಗೆ ಬಂದವು.

1997ರಲ್ಲಿ ಕಂಪನಿ ಬೇರೊಬ್ಬರ ಕೈಸೇರಿತು. 2000ದ ಮೂರನೆಯ ಆವೃತ್ತಿಯಲ್ಲಿ ದೆವ್ವಗಳು ಸ್ವನಾಮದಿಂದಲೇ ಮರಳಿದವು. ಬರಹ ಯಂತ್ರದ ಕೈಪಿಡಿಯಂತೆ ಖಚಿತವಾಯಿತು, ಸ್ವಲ್ಪ ಒಣಗಿತು. 2008ರದನ್ನು ಬಿಟ್ಟು ಮುಂದೆ ಹೋಗೋಣ. 2014ರ ಐದನೆಯ ಆವೃತ್ತಿ, ಪಾತ್ರ ಗಂಡೋ ಹೆಣ್ಣೋ ಎಂಬ ಎರಡೇ ಕಟ್ಟಿಗೆ ಸಿಕ್ಕಬೇಕಾಗಿಲ್ಲವೆಂದು ಆಟಗಾರನಿಗೆ ಹೇಳುತ್ತದೆ. 2024ರ ಪರಿಷ್ಕರಣದಲ್ಲಿ ಕುಬ್ಜರು, ವನದೇವತೆಗಳು ಮುಂತಾದವರಿಗೆ ‘ಜನಾಂಗ’ ಎಂಬ ಮಾತನ್ನು ಬಿಟ್ಟು ‘ಜೀವಜಾತಿ’ ಎಂಬರ್ಥದ ಮಾತನ್ನು ಬಳಸಿದ್ದಾರೆ. ಹಳಬರು ಕೆಲವರು ಗೊಣಗಿದರು.

ಮೊದಲ ಪೆಟ್ಟಿಗೆಯನ್ನೂ 2014ರ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು, ಆಟ ಹೇಗೆ ನಡೆಯುತ್ತದೆಂದು ತೋರಿಸುವ ಮಾದರಿ ಸಂಭಾಷಣೆಗಳನ್ನು ಓದಿ ನೋಡಬೇಕು. 1974ರದರಲ್ಲಿ ಇಬ್ಬರೇ ಮಾತನಾಡುತ್ತಾರೆ: ತೀರ್ಪುಗಾರ, ಮತ್ತು ಎಲ್ಲರ ಪರವಾಗಿ ಕೂಗಿ ಹೇಳುವ ಒಬ್ಬ. ಹೆಸರು ಇಬ್ಬರಿಗೂ ಇಲ್ಲ. ಉಳಿದವರು ಎಚ್ಚರವಾಗಿದ್ದರೋ ಇಲ್ಲವೋ ತಿಳಿಯದು. 2014ರದರಲ್ಲಿ ಹಾಳುಕೋಟೆಯೊಂದರ ಮುಂದೆ ಎಲ್ಲರೂ ನಿಂತಿದ್ದಾರೆ, ಆಟಗಾರರಿಗೆ ಹೆಸರುಗಳಿವೆ. ಫಿಲಿಪ್ ಎಂಬವನಿಗೆ ಅಲ್ಲಿನ ಕಲ್ಲಿನ ಪ್ರತಿಮೆಗಳ ಮೇಲೆ ಅನುಮಾನ. ಏಮಿ ಎಂಬವಳಿಗೆ ಸೇತುವೆ ಗಟ್ಟಿಯಾಗಿದೆಯೇ ಎಂದು ನೋಡಬೇಕಾಗಿದೆ.